ಎಡಗೋಡೆಯ ಮೊದಲ ಬೆಂಚು

ನಾನು ಕುಲಶೇಖರದ ನಮ್ಮ ಮನೆಯ ಜಗಲಿಯಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಹಳೆ ಬಂದರಿನಲ್ಲಿ ಲಂಗರು ಹಾಕಿದ ಹಡಗು ಅರ್ಧ ಅಡಿ ಹಿಂದೆ ಸರಿಯುತ್ತದೆ. ಎರಡು ಸಲ ಕೆಮ್ಮಿದರೆ ಬಿಜೈಯ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿರುವ ಕಂಡಕ್ಟರುಗಳೆಲ್ಲ ಒಟ್ಟಿಗೆ ಎದ್ದು “ರೈಟ್, ರೈಟ್” ಎನ್ನುತ್ತಾರೆ. ಮೂರನೆಯ ಸಲ ನಾನು ಈವರೆಗೆ ಕೆಮ್ಮಿಲ್ಲ. ಊರಿನ ಮೇಲೆ ನನಗೆ ಕರುಣೆಯಿದೆ.

ಈ ಸ್ವರವನ್ನು ಗಳಿಸಿದ್ದು ಮುಂಬೈಯ ಹೋಟೆಲೊಂದರ ಕೌಂಟರಿನಲ್ಲಿ, ಮೂವತ್ತೊಂದು ವರ್ಷ ಅಡುಗೆ ಕೋಣೆಗೆ ಆರ್ಡರ್ ಕೂಗಿ ಕೂಗಿ. ನಾನು “ಎರಡು ಮಸಾಲೆ” ಎಂದರೆ ನಮ್ಮ ಭಟ್ಟರು ಮಾತ್ರವಲ್ಲ, ರಸ್ತೆಯಾಚೆಯ ಹೋಟೆಲಿನ ಭಟ್ಟರೂ ದೋಸೆ ಹುಯ್ಯುತ್ತಿದ್ದರು. ಮದುವೆಯಾಗಲಿಲ್ಲ. ಬಂದ ಆರುನೂರು ಜಾತಕಗಳನ್ನು ಓದಿ ಮುಗಿಸುವಷ್ಟರಲ್ಲಿ ತಲೆ ನರೆತುಬಿಟ್ಟಿತು. ಹೆಸರು ಮಹಾಬಲ. ಇಟ್ಟವರಿಗೆ ಆಗಲೇ ಗೊತ್ತಿತ್ತು.

ಈಗ ಅಕ್ಕನ ಮನೆಯಲ್ಲಿದ್ದೇನೆ. ಅಕ್ಕ ಕುಶಲಾ, ಎಪ್ಪತ್ತು ದಾಟಿದರೂ ಅಡುಗೆ ಕೋಣೆಯ ಬೀಗದ ಕೈ ಬಿಟ್ಟುಕೊಟ್ಟವಳಲ್ಲ. ಅವಳ ಮಗಳು ಹರಿಣಾಕ್ಷಿ ಕದ್ರಿಯ ಆಫೀಸೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹರಿಣಾಕ್ಷಿಯ ಗಂಡ ಪೃಥ್ವಿರಾಜ್ ಪುಣೆಯಲ್ಲಿ ಹೋಟೆಲು ನಡೆಸುತ್ತಾನೆ. ಅವರ ಒಬ್ಬಳೇ ಮಗಳು ಮನ್ವಿತಾ. ತಾಯಿ ಕರೆದಂತೆ ಅವಳೂ ನನ್ನನ್ನು ಮಾಮ ಎಂದೇ ಕರೆಯುವುದು. ಒಂಬತ್ತನೇ ಕ್ಲಾಸಿಗೇ ಐದಡಿ ಎಂಟು ಇಂಚು. ಅವಳು ಅಂಗಳದಲ್ಲಿ ನಿಂತರೆ ವಿಮಾನದವರು ದಾರಿ ಬದಲಿಸುತ್ತಾರೆ.

ನಮ್ಮದು ಅಳಿಯಸಂತಾನದ ಮನೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಆದರೆ ಮಕ್ಕಳ ವಿಷಯ ಬಂದಾಗ ತಾಯಿಯ ಕಡೆಯ ಮಾವನದೇ ಕೊನೆಯ ಮಾತು. ಹಾಗಾಗಿ ಮನ್ವಿತಾಳನ್ನು ಶಾಲೆಗೆ ಸೇರಿಸಿದ ದಿನ ‘ಪೋಷಕರು’ ಎಂಬಲ್ಲಿ ಬರೆದದ್ದು ನನ್ನ ಹೆಸರು, ಕೊಟ್ಟದ್ದು ನನ್ನ ಫೋನ್ ನಂಬರ್. ಮಾರ್ಕ್ಸ್ ಕಾರ್ಡಿಗೆ ಸಹಿ ನನ್ನದು. ಪೋಷಕರ ಸಭೆಗೆ ಹೋಗುವವನೂ ನಾನೇ. ಪೆನ್ನು ಎತ್ತಿದರೆ ನನ್ನ ಸಹಿ ಕಾಗದದಲ್ಲಿ ನಿಲ್ಲುವುದಿಲ್ಲ, ಪಕ್ಕದ ಮೇಜಿಗೂ ಹರಿಯುತ್ತದೆ.

ಇನ್ನೊಂದು ಸಂಗತಿ. ನಮ್ಮ ಮನೆಯಲ್ಲಿ ಮೆಲ್ಲ ಮಾತಾಡುವವರು ಯಾರೂ ಇಲ್ಲ. ಅಕ್ಕ ಮಿಕ್ಸಿಯ ಸದ್ದಿನ ಮೇಲೆ ಮಾತಾಡುತ್ತಾಳೆ, ಹರಿಣಾಕ್ಷಿ ಅಕ್ಕನ ಮೇಲೆ, ನಾನು ಎಲ್ಲರ ಮೇಲೆ. ನಾವು ಗುಟ್ಟು ಹೇಳಿದರೂ ಎದುರು ಮನೆಯವರು ಅಲ್ಲಿಂದಲೇ ಸಲಹೆ ಕೊಡುತ್ತಾರೆ.

ಏಪ್ರಿಲ್ ಎರಡನೆಯ ವಾರ ಒಂಬತ್ತನೆಯ ಕ್ಲಾಸಿನ ಫಲಿತಾಂಶ ಬಂತು. ಹೆಡ್‌ಸರ್ ನನಗೆ ಫೋನ್ ಮಾಡಿದರು. ನಾನು ಊಟಕ್ಕೆ ಬಂದು ಕೂತೆ. ಅಕ್ಕ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಬಡಿಸುತ್ತಿದ್ದಳು. ಭಾನುವಾರವಾದ್ದರಿಂದ ಹರಿಣಾಕ್ಷಿಯೂ ಇದ್ದಳು.

“ಎಂತಂತೆ ಸರ್?” ಎಂದಳು ಹರಿಣಾಕ್ಷಿ.

“ಗಣಿತದಲ್ಲಿ ಮೂವತ್ತೊಂದು. ಸಮಾಜದಲ್ಲಿ ಇಪ್ಪತ್ತೆಂಟು.”

ಹೋದ ತಿಂಗಳಷ್ಟೇ ಮದುವೆ ಹಾಲೊಂದರಲ್ಲಿ ನಾನು ಅವಳಿಗೆ ಗಣಿತದಲ್ಲಿ ತೊಂಬತ್ತೆಂಟು ಕೊಟ್ಟಿದ್ದೆ, ಎಂಟು ಜನರ ಎದುರು. ಬಾಕಿ ಅರವತ್ತೇಳು ಎಲ್ಲಿ ಹೋಯಿತೋ ಶಾಲೆಯವರೇ ಹೇಳಬೇಕು.

“ಮತ್ತೆ?” ಎಂದಳು ಅಕ್ಕ.

“ಮತ್ತೆ ಎಂತ, ಟಿಸಿ ತೆಗೊಂಡು ಹೋಗಿ ಅಂತ. ಅವರ ಶಾಲೆಗೆ ಆರು ವರ್ಷದಿಂದ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ. ಇವಳು ಇದ್ದರೆ ಅದು ಹೋಗ್ತದಂತೆ. ಹತ್ತನೆಯದನ್ನು ಪ್ರೈವೇಟ್ ಆಗಿ ಕಟ್ಟಲಿ, ಅದೇ ಒಳ್ಳೇದು ಅಂತ.”

“ಪ್ರೈವೇಟ್ ಅಂದ್ರೆ ಮನೆಯಲ್ಲಿ ಕೂತ್ಕೊಳ್ಳುದು,” ಎಂದಳು ಮನ್ವಿತಾ. ಅವಳು ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದಳು. “ನಾನು ಟಿಸಿ ತೆಗೊಳ್ಳುದಿಲ್ಲ.”

“ತೆಗೊಳ್ಳುದಿಲ್ಲ ಅಂದ್ರೆ ಎಂತ? ಪಾಠದ ಹೊತ್ತಿಗೆ ಕಿಟಕಿ ನೋಡ್ತಾ ಕೂತರೆ ಇನ್ನೇನು ಸಿಗ್ತದೆ ನಿಂಗೆ, ಕಪ್ಪಾ?” ಹರಿಣಾಕ್ಷಿ ಬಟ್ಟಲು ಕುಕ್ಕಿದಳು. “ಟೀಚರ್ ಕರೆದರೆ ಉತ್ತರ ಕೊಡುದಿಲ್ಲವಂತೆ. ಇಡೀ ಕ್ಲಾಸಿನ ಎದುರು ಸುಮ್ಮನೆ ಕೂತಿರ್ತಾಳಂತೆ. ಅಹಂಕಾರ ಅಂತ ಬರೆದಿದ್ದಾರೆ ಕಾರ್ಡಿನಲ್ಲಿ. ಅಹಂಕಾರ!”

“ಕೊನೆ ಬೆಂಚಿನಲ್ಲಿ ಕೂತವರಿಗೆ ಎಂತ ಗೊತ್ತಾಗುದು ಅಮ್ಮ, ಫ್ಯಾನಿನ ಗರಗರ ಬಿಟ್ರೆ? ಉದ್ದ ಇದ್ದವರೆಲ್ಲ ಹಿಂದೆ ಅಂತಾರೆ.”

“ಉಳಿದ ಉದ್ದದವರು ಪಾಸಾಗುದಿಲ್ವಾ?”

ಮನ್ವಿತಾ ಅನ್ನ ಬಿಟ್ಟು ಎದ್ದಳು. ನಮ್ಮ ಮನೆಯಲ್ಲಿ ಪುಳಿಮುಂಚಿ ಬಿಟ್ಟು ಎದ್ದವರ ದಾಖಲೆ ಅದರ ಹಿಂದೆ ಇಲ್ಲ.

ಮುಂದಿನ ವಾರ ಹಲಸಿನ ಹಪ್ಪಳದ ಕೆಲಸ. ಬೇಯಿಸಿ ಕುಟ್ಟಿದ ಹಲಸನ್ನು ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತಬೇಕು. ತಾರಸಿಯಲ್ಲಿ ಅಕ್ಕ ಉಂಡೆ ಕಟ್ಟುವುದು, ಮನ್ವಿತಾ ಒತ್ತುವುದು, ನಾನು ಚಾಪೆಯ ಹತ್ತಿರ ಕೂತು ಕಾಗೆ ಓಡಿಸುವುದು. ಆ ದಿನ ಮೂರು ಸಾವಿರ ಕಾಗೆಗಳು ಬಂದವು. ಒಂದೇ ಒಂದು ಹಪ್ಪಳ ಹೋಗಲಿಲ್ಲ. ಮೂರು ನಾನೇ ಹಸಿಯಾಗಿ ತಿಂದದ್ದು ಬಿಟ್ಟರೆ.

ಪೃಥ್ವಿರಾಜನ ಫೋನ್ ಬಂತು. ಮನ್ವಿತಾಳ ಎರಡೂ ಕೈಯಲ್ಲಿ ಎಣ್ಣೆ, ಹಲಸಿನ ಮೇಣ.

“ಕಿವಿಗೆ ಹಿಡಿ ಅಜ್ಜಿ,” ಎಂದಳು.

ಅಕ್ಕ ಅವಳ ಎಡಗಡೆ ಕೂತಿದ್ದಳು. ಸೆರಗಿಗೆ ಬೆರಳು ಒರೆಸಿ ಫೋನ್ ಒತ್ತಿ ಹುಡುಗಿಯ ಹತ್ತಿರದ ಕಿವಿಗೆ ಹಿಡಿದಳು.

“ಹಲೋ... ಹಲೋ ಪಪ್ಪ... ಕಟ್ ಆಯ್ತು ಅಜ್ಜಿ.”

ಅಕ್ಕ ಫೋನನ್ನು ತನ್ನ ಕಿವಿಗೆ ಇಟ್ಟಳು. “ಕಟ್ ಆಗ್ಲಿಲ್ಲ ಮಾರಾಯ್ತಿ. ಬೊಬ್ಬೆ ಹಾಕ್ತಾ ಇದ್ದಾನೆ.” ಮತ್ತೆ ಅವಳ ಎಡಗಿವಿಗೆ ಹಿಡಿದಳು.

“ಇಲ್ಲ ಅಜ್ಜಿ. ಏನೂ ಇಲ್ಲ.”

ಅಕ್ಕ ಒಂದು ಕ್ಷಣ ಅವಳನ್ನು ನೋಡಿದಳು. ಎದ್ದು ಸುತ್ತು ಹಾಕಿ ಬಲಗಡೆ ಕೂತು, ಫೋನ್ ಹಿಡಿದಳು.

“ಹಾಂ ಪಪ್ಪ! ಈಗ ಕೇಳ್ತದೆ. ಊಟ ಆಯ್ತಾ?”

ಹಪ್ಪಳದ ಉಂಡೆ ಅಕ್ಕನ ಮಡಿಲಿನಲ್ಲಿ ಬಿದ್ದಿತ್ತು. ಅವಳು ಅದನ್ನು ತೆಗೆಯಲಿಲ್ಲ. ತಂದೆ ಮಗಳ ಮಾತು ಮುಗಿಯುವ ತನಕ ಕಾದು, ಹುಡುಗಿಯ ಎಡಗಡೆಗೆ ಬಂದು, ನನ್ನ ಜನ್ಮದಲ್ಲಿ ಅವಳಿಂದ ಕೇಳದಷ್ಟು ಮೆಲ್ಲಗೆ, “ಮನ್ನೂ” ಎಂದಳು. ಹುಡುಗಿ ಹಪ್ಪಳ ಒತ್ತುತ್ತಲೇ ಇದ್ದಳು.

ನಾನು ಕಾಗೆಗಳ ಕಡೆ ತಿರುಗಿದೆ.

ಮರುದಿನ ಹರಿಣಾಕ್ಷಿ ರಜೆ ಹಾಕಿದಳು. ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿಗೆ ನಾವು ನಾಲ್ವರೂ ಹೋದೆವು. ಅಲ್ಲಿ ನತಾಶಾ ಎಂಬ ಹುಡುಗಿ, ನೋಡಲು ಕಾಲೇಜಿನವಳಂತೆ ಇದ್ದರೂ ಪರೀಕ್ಷಕಿ ಅವಳೇ. ಮನ್ವಿತಾಳನ್ನು ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದಳು. ಬಲಗಿವಿಗೆ ಹುಡುಗಿಯ ಬೆರಳು ಪಟಪಟ ಓಡಿತು. ಎಡಗಿವಿಗೆ ಬಂದಾಗ ಬೆರಳು ಹಾಗೇ ಇತ್ತು. ನಾವು ಮೂವರೂ ಗಾಜಿನ ಹೊರಗಿಂದ ಆ ಒಂದು ಬೆರಳನ್ನೇ ನೋಡುತ್ತಾ ನಿಂತೆವು.

“ಎಡಗಿವಿಯಲ್ಲಿ ಹೆಚ್ಚುಕಡಿಮೆ ಏನೂ ಕೇಳುದಿಲ್ಲ ಅಂತಲೇ,” ಎಂದಳು ನತಾಶಾ. “ಸಣ್ಣದಿರುವಾಗ ಮಂಗನಬಾವು ಬಂದಿತ್ತಾ?”

“ಮೂರನೇ ಕ್ಲಾಸಿನಲ್ಲಿ,” ಎಂದಳು ಹರಿಣಾಕ್ಷಿ. “ಒಂದೇ ವಾರದಲ್ಲಿ ವಾಸಿ ಆಯ್ತಲ್ಲ ಮೇಡಂ.”

“ಬಾವು ಇಳಿದಿದೆ. ಕಿವಿ ಹೋಗಿದೆ. ನೋವಿಲ್ಲ, ರಕ್ತ ಇಲ್ಲ. ಮಗುವಿಗೇ ಗೊತ್ತಾಗುದಿಲ್ಲ. ಎಲ್ಲರಿಗೂ ಹೀಗೇ ಅಂತ ಅಂದ್ಕೊಳ್ತದೆ.”

“ಆದ್ರೆ ಮನೆಯಲ್ಲಿ ಎಲ್ಲ ಕೇಳ್ತದಲ್ಲ ಅವಳಿಗೆ?”

“ಮನೆಯಲ್ಲಿ ನೀವು ಹೇಗೆ ಮಾತಾಡ್ತೀರಿ?”

“ಹೀಗೇ,” ಎಂದೆ ನಾನು. ಹೊರಗೆ ಕಾಯುತ್ತಿದ್ದ ಆರು ಜನ ಒಳಗೆ ಇಣುಕಿದರು.

ನತಾಶಾ ನಗಲಿಲ್ಲ. “ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ ಅಂಕಲ್. ಕ್ಲಾಸಿನಲ್ಲಿ ಫ್ಯಾನ್, ರಸ್ತೆ, ಐವತ್ತು ಮಕ್ಕಳು. ಎರಡು ಕಿವಿ ಇದ್ದವರಿಗೆ ಅದರಲ್ಲಿ ಟೀಚರ ಸ್ವರ ಬೇರೆ ಮಾಡ್ಲಿಕ್ಕೆ ಆಗ್ತದೆ. ಒಂದೇ ಕಿವಿ ಆದ್ರೆ ಎಲ್ಲ ಸೇರಿ ಗಂಜಿ ಆಗ್ತದೆ. ಎಡಗಡೆಯಿಂದ ಕರೆದ್ರೆ ಗೊತ್ತೇ ಆಗುದಿಲ್ಲ. ಸಂಜೆಗೆ ತಲೆನೋವು ಬರ್ತದಾ ನಿಂಗೆ?”

“ದಿನಾ,” ಎಂದಳು ಮನ್ವಿತಾ.

“ಮೊಬೈಲ್ ನೋಡಿ ಬರುದು ಅಂತ ನಾನು ಬೈತಿದ್ದೆ,” ಎಂದಳು ಹರಿಣಾಕ್ಷಿ.

“ನಾವು ಇನ್ನೂ ಜೋರಾಗಿ ಮಾತಾಡುವಾ,” ಎಂದೆ.

“ಬೇಡ ಅಂಕಲ್! ಜೋರು ಬೇಡ. ಮುಖ ಕಾಣುವ ಹಾಗೆ ಎದುರು ನಿಂತು, ಬಿಡಿಸಿ ಹೇಳಿ. ಕಿವಿಗೆ ಹಾಕುವ ಯಂತ್ರದ ವಿಷಯ ನಿಧಾನ ನೋಡುವ. ಮೊದಲು ಶಾಲೆಯಲ್ಲಿ ಅವಳು ಕೂತ್ಕೊಳ್ಳುವ ಜಾಗ ಬದಲಾಗ್ಲಿ.”

ಆ ಸಂಜೆ ಗಂಜಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ನಡೆದ ಜಗಳಕ್ಕೆ ನಂತೂರು ವೃತ್ತದಲ್ಲಿ ವಾಹನಗಳು ನಿಂತವು.

“ರಿಪೋರ್ಟ್ ಶಾಲೆಗೆ ಕೊಡುದು ಬೇಡ,” ಎಂದಳು ಹರಿಣಾಕ್ಷಿ. “ಬೇರೆ ಶಾಲೆಗೆ ಹಾಕುವ. ಯಾರಿಗೂ ಹೇಳುದು ಬೇಡ. ನಾಳೆ ಕೆಪ್ಪಿ ಅಂತ ಹೆಸರು ಬಿದ್ರೆ?”

“ಬಿದ್ರೆ ಹೆಕ್ಕಿ ಇಟ್ಕೊಳ್ತೇವೆ,” ಎಂದಳು ಅಕ್ಕ. “ಈಗ ಪೆದ್ದಿ ಅಂತ ಹೆಸರುಂಟಲ್ಲ, ಅದು ಬಂಗಾರದ್ದಾ?”

“ನಿಮಗೆ ಹೇಳ್ಲಿಕ್ಕೆ ಸುಲಭ ಅಮ್ಮ. ನಾಳೆ ಮದುವೆ ಮಾತು ಬಂದಾಗ...”

“ಒಂಬತ್ತನೇ ಕ್ಲಾಸ್ ಆದವಳಿಗೆ ಮದುವೆ ಎಂತದ್ದು? ಮಹಾಬಲ, ನೀನಾದ್ರೂ ಹೇಳು. ಸಮಾ ಬಾಯಿ ಉಂಟಲ್ಲ ನಿಂಗೆ.”

ನನ್ನ ಬಾಯಿಯಲ್ಲಿ ಚಟ್ನಿ ಇತ್ತು. ಅಷ್ಟು ನಿಧಾನವಾಗಿ ಚಟ್ನಿ ಅಗಿದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

“ನಾನು ಹೇಳ್ತೇನೆ,” ಎಂದಳು ಮನ್ವಿತಾ. “ಬೇರೆ ಶಾಲೆಯಲ್ಲೂ ಉದ್ದ ಅಂತ ಹಿಂದೆಯೇ ಕೂರಿಸ್ತಾರೆ. ಅಲ್ಲಿಯೂ ಫೇಲ್ ಆಗ್ತೇನೆ. ಆಮೇಲೆ ಮೂರನೇ ಶಾಲೆಯಾ? ನಂಗೆ ಈ ಶಾಲೆಯಲ್ಲೇ ಒಂದು ಬೆಂಚು ಬೇಕು. ಅಷ್ಟೇ.”

ಮರುದಿನ ಅವಳೇ ರಿಪೋರ್ಟಿನ ಪ್ರತಿ ಕೊಂಡುಹೋಗಿ ಶಾಲೆಯ ಆಫೀಸಿಗೆ ಕೊಟ್ಟಳು. ತಾಯಿಯನ್ನು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಹೆಡ್‌ಸರ್ ನನಗೆ ಮತ್ತೆ ಫೋನ್ ಮಾಡಿದರು. ಒಂದೇ ಕಿವಿಯಾದರೆ ಸರ್ಕಾರದ ಲೆಕ್ಕದಲ್ಲಿ ನಲವತ್ತು ಪರ್ಸೆಂಟ್ ಅಂಗವೈಕಲ್ಯ ಆಗುವುದಿಲ್ಲ, ಸರ್ಟಿಫಿಕೇಟ್ ಸಿಗುವುದಿಲ್ಲ, ಸರ್ಟಿಫಿಕೇಟ್ ಇಲ್ಲದೆ ವಿಶೇಷ ವ್ಯವಸ್ಥೆ ಆಗುವುದಿಲ್ಲ ಎಂದರು.

ಅಕ್ಕ ಮೀನು ತೊಳೆಯುತ್ತಿದ್ದಳು. ಕೈಯಲ್ಲಿ ಕತ್ತಿ ಹಿಡಿದೇ ಹೊರಗೆ ಬಂದಳು. “ಬೆಂಚು ಮುಂದೆ ಹಾಕ್ಲಿಕ್ಕೆ ಸರ್ಕಾರದ ಮೊಹರು ಬೇಕಾ?”

“ಮುಂದೆ ಹಾಕಿದ್ರೆ ಇವಳ ಹಿಂದಿನವರಿಗೆ ಬೋರ್ಡ್ ಕಾಣುದಿಲ್ಲ ಅಂತಲೂ ಹೇಳಿದ್ರು.”

“ಕಾಣುವ ಹಾಗೆ ಕೂತ್ರೆ?” ಎಂದಳು ಮನ್ವಿತಾ.

ಅಂದು ಸಂಜೆ ಅವಳು ನಮ್ಮ ಚಾವಡಿಯನ್ನು ತರಗತಿ ಮಾಡಿದಳು. ಊಟದ ಮೇಜಿನ ಕುರ್ಚಿಗಳನ್ನು ಬೆಂಚಿನಂತೆ ಸಾಲಾಗಿ ಇಟ್ಟಳು. ಸೀಲಿಂಗ್ ಫ್ಯಾನ್ ಐದಕ್ಕೆ, ಪಕ್ಕದಲ್ಲಿ ಟೇಬಲ್ ಫ್ಯಾನ್. ರಸ್ತೆಗೆ ಬದಲು ಅಡುಗೆ ಕೋಣೆಯಲ್ಲಿ ಮಿಕ್ಸಿ, ಅದನ್ನು ಓಡಿಸಲಿಕ್ಕೆ ಅಕ್ಕ. ನಾನು ಟೀಚರ್. ಕೈಯಲ್ಲಿ ಪೇಪರ್. ಇಪ್ಪತ್ತು ವಾಕ್ಯ ಓದಬೇಕು, ಅವಳು ಕೇಳಿದ್ದನ್ನು ಬರೆಯಬೇಕು, ಪ್ರತಿಯೊಂದು ಜಾಗದಲ್ಲಿ ಕೂತು ಬೇರೆ ಬೇರೆ ಇಪ್ಪತ್ತು.

ನಾನು ಮೊದಲ ವಾಕ್ಯ ಓದಿದೆ. ಪೇಪರಿನಲ್ಲಿದ್ದ ಮಂತ್ರಿಗೂ ಕೇಳಿರಬೇಕು.

“ಮಾಮ! ಟೀಚರ್ ಓದುವ ಹಾಗೆ ಓದಿ! ಹೋಟೆಲಿನವರ ಹಾಗೆ ಅಲ್ಲ!”

ಅಷ್ಟರಲ್ಲಿ ಗೇಟಿನಲ್ಲಿ ವಿನಿಫ್ರೆಡ್ ಟೀಚರ್ ನಿಂತಿದ್ದರು. ಮನ್ವಿತಾಳ ಕ್ಲಾಸ್ ಟೀಚರ್ ಅವರೇ, ಕಾರ್ಡಿನಲ್ಲಿ ಅಹಂಕಾರ ಎಂದು ಬರೆದವರೂ ಅವರೇ. ಮನೆ ನಮ್ಮ ಹಿಂದಿನ ಓಣಿಯಲ್ಲಿ. ಆಫೀಸಿನಲ್ಲಿ ರಿಪೋರ್ಟ್ ನೋಡಿ ಬಂದಿದ್ದರು.

“ಎಂತ ನಡೀತಾ ಉಂಟು ಇಲ್ಲಿ?” ಎಂದರು.

“ನಿಮ್ಮ ಕ್ಲಾಸು,” ಎಂದಳು ಅಕ್ಕ, ಮಿಕ್ಸಿ ನಿಲ್ಲಿಸದೆ. “ಬನ್ನಿ. ಓದ್ಲಿಕ್ಕೆ ಸರಿಯಾದವರು ಬಂದ್ರಿ. ಇವನು ಆಗುದಿಲ್ಲ.”

ವಿನಿಫ್ರೆಡ್ ಟೀಚರ್ ಪೇಪರ್ ತೆಗೆದುಕೊಂಡು, ಶಾಲೆಯಲ್ಲಿ ಮಾಡುವಂತೆ ಅತ್ತಿತ್ತ ನಡೆಯುತ್ತಾ ಓದಿದರು. ಹರಿಣಾಕ್ಷಿ ಆಫೀಸಿನಿಂದ ಬಂದವಳು ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಳು. ಕೊನೆಯ ಸಾಲಿನಲ್ಲಿ ಮನ್ವಿತಾ ಸರಿಯಾಗಿ ಬರೆದದ್ದು ಇಪ್ಪತ್ತರಲ್ಲಿ ಐದು. ಮೊದಲ ಸಾಲಿನ ಬಲಗೋಡೆಯ ಬದಿಯಲ್ಲಿ ಹನ್ನೊಂದು. ಮೊದಲ ಸಾಲಿನ ಎಡಗೋಡೆಗೆ ತಾಗಿ, ಕೇಳದ ಕಿವಿ ಗೋಡೆಗೆ, ಕೇಳುವ ಕಿವಿ ಕ್ಲಾಸಿಗೆ ಮಾಡಿ ಕೂತಾಗ ಹದಿನೆಂಟು. ಮೂಲೆಯಾದ್ದರಿಂದ ಹಿಂದಿನವರಿಗೆ ಅಡ್ಡವೂ ಇಲ್ಲ. ಅಕ್ಕನೇ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ, “ಇಡೀ ಗೋಡೆ ಕಾಣ್ತದೆ, ಕ್ಯಾಲೆಂಡರ್ ಸಮೇತ,” ಎಂದಳು.

ಹರಿಣಾಕ್ಷಿ ಕೊನೆಯ ಸಾಲಿನ ಹಾಳೆಯನ್ನು ಎತ್ತಿಕೊಂಡಳು. ಅದರಲ್ಲಿ ಹೆಚ್ಚಿನದು ಬರಿ ಗೆರೆಗಳು. “ಮೂರನೇ ಕ್ಲಾಸಿನಿಂದ ಇಷ್ಟೇ ಕೇಳ್ತಿತ್ತಾ ನಿಂಗೆ?” ಎಂದಳು.

“ಗೊತ್ತಿಲ್ಲಮ್ಮ. ಎಲ್ಲರಿಗೂ ಇಷ್ಟೇ ಕೇಳುದು, ಉಳಿದದ್ದನ್ನು ಅವರು ಬುದ್ಧಿಯಿಂದ ತುಂಬಿಸ್ತಾರೆ ಅಂದ್ಕೊಂಡಿದ್ದೆ. ನಂಗೆ ಬುದ್ಧಿ ಇಲ್ಲ ಅಂತ.”

ವಿನಿಫ್ರೆಡ್ ಟೀಚರಿಗೆ ಅಕ್ಕ ಚಾ ಕೊಟ್ಟು ಹಪ್ಪಳ ಸುಟ್ಟು ಕೊಟ್ಟಳು. ಅವರು ಹಪ್ಪಳ ಮುಟ್ಟಲಿಲ್ಲ. “ನಾನು ಇವಳನ್ನು ಮೂರು ಸಲ ಹೊರಗೆ ನಿಲ್ಲಿಸಿದ್ದೇನೆ,” ಎಂದರು. “ಕರೆದರೆ ತಿರುಗಿಯೂ ನೋಡುದಿಲ್ಲ ಅಂತ.”

“ನೀವು ಎಡಗಡೆಯಿಂದ ಕರೆದಿರ್ತೀರಿ ಮಿಸ್,” ಎಂದಳು ಮನ್ವಿತಾ.

“ಅದೇ ಈಗ ಎಣಿಸ್ತಾ ಇದ್ದೇನೆ.” ಚಾ ಮುಗಿಸಿ ಎದ್ದರು. “ನಲವತ್ತು ಪರ್ಸೆಂಟ್ ಸರ್ಕಾರದ ಸವಲತ್ತಿಗೆ. ಬೆಂಚಿಗೆ ಅಲ್ಲ. ಈ ಹಾಳೆಗಳನ್ನು ತೆಗೊಂಡು ಬನ್ನಿ. ಹೆಡ್‌ಸರ್ ಎದುರು ನಾನೂ ಇರ್ತೇನೆ. ಆದ್ರೆ ಪೋಷಕರು ಅಂತ ಹೆಸರಿದ್ದವರು ಬರಲೇಬೇಕು.”

ಎಲ್ಲರೂ ನನ್ನನ್ನು ನೋಡಿದರು.

ಶಾಲೆಗೆ ಹೋಗಬೇಕಾದ ದಿನ ಬೆಳಿಗ್ಗೆ ನನ್ನ ಸೊಂಟದಲ್ಲಿ ಏಳು ಕಡೆ ನೋವು ಬಂತು. ನೋವಿಗೆ ಯಾರೂ ಹೆದರದಿದ್ದಾಗ, ಮುಂಬೈಯಿಂದ ಬಹು ದೊಡ್ಡವರೊಬ್ಬರ ಫೋನ್ ಬರಲಿಕ್ಕುಂಟು ಎಂದೆ. ಅದೂ ಆಗದಿದ್ದಾಗ ಚಪ್ಪಲಿ ಕಾಣುವುದಿಲ್ಲ ಎಂದೆ.

“ಕಾಲಲ್ಲಿ ಉಂಟು,” ಎಂದಳು ಅಕ್ಕ. “ಎಂತ ಆಗಿದೆ ನಿಂಗೆ? ಸಿಂಹದ ಹಾಗೆ ಬೊಬ್ಬೆ ಹಾಕುವವನು, ಈಗ ಶಾಲೆಗೆ ಹೋಗ್ಲಿಕ್ಕೆ ಪುಕ್ಕಲಾ?”

“ನಾನಾ? ಪುಕ್ಕಲಾ?” ಎಂದು ಆಟೋ ಹತ್ತಿದೆ.

ಹೆಡ್‌ಸರ್ ಕೋಣೆಯಲ್ಲಿ ನಡೆದದ್ದನ್ನು ನಾನು ಕುಲಶೇಖರದಲ್ಲಿ ಹತ್ತಾರು ಜನರಿಗೆ ಹೇಳಿದ್ದೇನೆ. ನಾನು ಎದ್ದು ನಿಂತೆ. ಮೇಜಿನ ಮೇಲಿನ ಗಾಜು ಬಿರುಕು ಬಿಟ್ಟಿತು. “ಸ್ವಾಮೀ!” ಎಂದೆ. ಗೋಡೆಯ ಮೇಲಿನ ಗಡಿಯಾರ ನಿಂತಿತು. ಹೆಡ್‌ಸರ್ ಎರಡೂ ಕೈ ಮುಗಿದು, ಬೇಕಾದರೆ ತಮ್ಮ ಸ್ವಂತ ಕುರ್ಚಿಯನ್ನೇ ಹುಡುಗಿಗೆ ಕೊಡುತ್ತೇನೆ ಎಂದರು.

ಇದು ನಡೆಯಲಿಲ್ಲ.

ನಡೆದದ್ದು ಇಷ್ಟು. ಅಕ್ಕ, ಹರಿಣಾಕ್ಷಿ, ವಿನಿಫ್ರೆಡ್ ಟೀಚರ್ ಮೇಜಿನ ಎದುರು, ನಾನು ಹಿಂದೆ ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಮಾತಾಡಿದವಳು ಮನ್ವಿತಾ. ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವುದು ಎಲ್ಲಿ ಕೂತು ಬರೆದದ್ದು ಎಂದು ಹೇಳಿದಳು. ಹೆಡ್‌ಸರ್ ಕೆಟ್ಟವರಲ್ಲ. ಹಾಳೆಗಳನ್ನು ಓದಿದರು, ಎರಡು ಸಲ.

“ಚೆನ್ನಾಗಿ ಮಾತಾಡ್ತೀಯಲ್ಲಮ್ಮ,” ಎಂದರು. “ನಿನ್ನನ್ನು ನೋಡಿದ್ರೆ ಕಿವಿ ಕೇಳುದಿಲ್ಲ ಅಂತ ಯಾರೂ ಹೇಳ್ಲಿಕ್ಕಿಲ್ಲ.”

“ಅದೇ ಸರ್ ಕಷ್ಟ,” ಎಂದಳು ಅವಳು.

ಅವರು ಒಂದು ಫೈಲ್ ತೆಗೆದರು. “ನನ್ನ ಕಷ್ಟವನ್ನೂ ಕೇಳಿ. ಇವಳು ಏಳನೇ ಕ್ಲಾಸಿನಲ್ಲಿರುವಾಗ ಶಾಲೆಯಲ್ಲಿ ಕಿವಿ ತಪಾಸಣೆ ಮಾಡಿದ್ದೆವು. ಎಡಗಿವಿ ಸಂಶಯ ಅಂತ ಬಂದಿತ್ತು. ಪೋಷಕರಿಗೆ ಚೀಟಿ ಕೊಟ್ಟೆವು. ಅದಕ್ಕೆ ಉತ್ತರವೂ ಬಂದಿದೆ.” ಓದಿದರು: “‘ಮಗುವನ್ನು ಹೊರಗೆ ದೊಡ್ಡ ಡಾಕ್ಟರಲ್ಲಿ ಪರೀಕ್ಷೆ ಮಾಡಿಸಿದ್ದೇವೆ. ಎರಡೂ ಕಿವಿ ನೂರಕ್ಕೆ ನೂರು. ಇನ್ನು ಈ ವಿಷಯ ಎತ್ತಬಾರದು. ಮಹಾಬಲ, ಪೋಷಕ.’ ಈಗ ಹೇಳಿ. ನಿಮ್ಮ ಹೊಸ ರಿಪೋರ್ಟ್ ಮೂರನೇ ಕ್ಲಾಸಿನಿಂದಲೇ ಕಿವಿ ಹೋಗಿದೆ ಅಂತದೆ. ನಿಮ್ಮದೇ ಹಳೇ ಪತ್ರ ಏಳನೆಯದರಲ್ಲಿ ಸರಿ ಇತ್ತು ಅಂತದೆ. ಯಾವುದೋ ಒಂದು ಸುಳ್ಳು. ಮಾರ್ಕ್ಸ್ ಕಡಿಮೆ ಬಂದದ್ದಕ್ಕೆ ಈಗ ಕಿವಿಯ ಕಾರಣ ತಂದಿದ್ದಾರೆ ಅಂತ ಮ್ಯಾನೇಜ್‌ಮೆಂಟ್ ಕೇಳಿದ್ರೆ ನಾನು ಎಂತ ಹೇ‍ಳುದು?”

ಫೈಲಿನ ಪಕ್ಕದಲ್ಲಿ ಟಿಸಿಯ ಅರ್ಜಿ ತಯಾರಾಗಿತ್ತು. ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ಹರಿಣಾಕ್ಷಿ ನನ್ನ ಕಡೆ ತಿರುಗಿದಳು. “ಯಾವ ಡಾಕ್ಟರಲ್ಲಿ ಮಾಮ? ನಂಗೆ ಹೇಳ್ಲೇ ಇಲ್ಲ?”

ನನ್ನ ನಾಲಗೆಯ ತುದಿಯಲ್ಲಿ ಒಬ್ಬ ಡಾಕ್ಟರ್ ತಯಾರಾಗಿದ್ದ. ಹೆಸರಿತ್ತು, ಲಂಡನ್ನಿನ ಡಿಗ್ರಿ ಇತ್ತು, ಮುಂಬೈಯಲ್ಲಿ ಆಸ್ಪತ್ರೆಯಿತ್ತು, ಅವನು ತೀರಿಹೋಗಿಯೂ ಆಗಿತ್ತು. ಬಾಯಿ ತೆರೆದರೆ ಸಾಕು, ನಾನು ಉಳಿದುಕೊಳ್ಳುತ್ತಿದ್ದೆ. ಹುಡುಗಿಯ ರಿಪೋರ್ಟ್ ಸುಳ್ಳಾಗುತ್ತಿತ್ತು.

“ಡಾಕ್ಟರ್ ಇಲ್ಲ,” ಎಂದೆ.

ಮನ್ವಿತಾ ತಲೆಯನ್ನು ಬಲಕ್ಕೆ ಹೊರಳಿಸಿದಳು. “ಕೇಳಲಿಲ್ಲ. ಈ ಕಡೆ ತಿರುಗಿ ಹೇಳಿ ಮಾಮ.”

“ಡಾಕ್ಟರ್ ಇಲ್ಲ!”

“ಜೋರು ಬೇಡ. ಬಿಡಿಸಿ ಹೇಳಿ.”

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದು ಅವಳ ಎದುರಿಗೆ ತಿರುಗಿಸಿಕೊಂಡೆ. “ಯಾವ ಡಾಕ್ಟರಲ್ಲಿಗೂ ನಾನು ನಿನ್ನನ್ನು ಕರಕೊಂಡು ಹೋಗಲಿಲ್ಲ. ಚೀಟಿ ನನ್ನ ಕೈಗೆ ಬಂತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇದನ್ನು ನಾನೇ ಬರೆದು ಕೊಟ್ಟೆ. ಹೊಸ ರಿಪೋರ್ಟ್ ಸತ್ಯ. ಇದು ಸುಳ್ಳು.”

ಹರಿಣಾಕ್ಷಿ ಎದ್ದು ಕಿಟಕಿಯ ಹತ್ತಿರ ಹೋದಳು. ಅಕ್ಕ ನನ್ನನ್ನು ನೋಡಲಿಲ್ಲ. “ಅರವತ್ತಾರು ವರ್ಷದಿಂದ ನನ್ನ ತಮ್ಮ ಇವನು,” ಎಂದಳು ಹೆಡ್‌ಸರಿಗೆ. “ಬೊಗಳೆ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ. ನೀವು ಅದನ್ನು ಬರೆಸಿಕೊಳ್ಳಿ, ಅವನ ಕೈಯಲ್ಲೇ. ಮತ್ತೆ ಟಿಸಿಗೆ ನಾವು ಸಹಿ ಹಾಕುದಿಲ್ಲ. ಎಂತ ಮಾಡ್ತೀರೋ ಮಾಡಿ.”

“ಬೆಂಚು ಹಾಕುದು ಕ್ಲಾಸ್ ಟೀಚರ ಕೆಲಸ ಸರ್,” ಎಂದರು ವಿನಿಫ್ರೆಡ್ ಟೀಚರ್. “ಹತ್ತನೆಯದಕ್ಕೂ ನಾನೇ. ಎಡಗೋಡೆಯ ಮೊದಲ ಬೆಂಚು ಇವಳದ್ದು. ಮ್ಯಾನೇಜ್‌ಮೆಂಟ್ ಕೇಳಿದ್ರೆ ನನ್ನ ಹೆಸರು ಹೇಳಿ.”

ಹೆಡ್‌ಸರ್ ಕೊನೆಗೆ ಟಿಸಿಯ ಅರ್ಜಿಯನ್ನು ಡ್ರಾಯರಿಗೆ ಹಾಕಿ, ಬಿಳಿ ಹಾಳೆಯೊಂದನ್ನು ನನ್ನ ಮುಂದೆ ತಳ್ಳಿದರು. ಹಳೆಯ ಪತ್ರ ಸುಳ್ಳು ಎಂದು ಬರೆದೆ. ಸಹಿ ಮಾಡಲು ಹೊರಟಾಗ ಮನ್ವಿತಾ ಹಾಳೆಯ ಮೇಲೆ ಕೈ ಇಟ್ಟಳು.

“ಯಾಕೆ ಮಾಮ?”

“ನಮ್ಮ ಮನೆಯಲ್ಲಿ ಹೀಗೆ ಒಬ್ಬಳು ಉಂಟು ಅಂತ ಜನ ಹೇಳಬಾರದು ಅಂತ. ನಾನು ಎಲ್ಲ ಕಡೆ ನಿನ್ನನ್ನು ಅಷ್ಟು ಹೊಗಳಿ ಇಟ್ಟಿದ್ದೆ.”

“ಸಂಶಯ ಅಂತ ಮಾತ್ರ ಬರೆದಿದ್ರಲ್ಲ ಚೀಟಿಯಲ್ಲಿ. ಏನಿಲ್ಲ ಅಂತ ಎಣಿಸಿದ್ರಾ ನೀವು?”

ಹೌದು ಎಂದರೆ ಅವಳು ನಂಬುತ್ತಿದ್ದಳು. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು.

“ಇಲ್ಲ,” ಎಂದೆ. “ಚೀಟಿ ಬಂದ ದಿನ ಸಂಜೆ ನೀನು ಜಗಲಿಯಲ್ಲಿ ಕೂತು ಚಿತ್ರಕ್ಕೆ ಬಣ್ಣ ಹಾಕ್ತಾ ಇದ್ದಿ. ನಾನು ನಿನ್ನ ಎಡಗಡೆ ಬಂದು ನಿಂತು ಕರೆದೆ. ಮೆಲ್ಲಗೆ. ಮೂರು ಸಲ. ನೀನು ತಿರುಗಲಿಲ್ಲ. ನಂಗೆ ಗೊತ್ತಿತ್ತು.”

ಅವಳು ಅಳಲಿಲ್ಲ. ಹಾಳೆಯ ಮೇಲಿಂದ ಕೈ ತೆಗೆದಳು.

“ಅದನ್ನೂ ಬರೀರಿ.”

ಬರೆದೆ.